ಜೋಲು ಬಿದ್ದ ತಂತಿ, ತಪ್ಪಿದ ಎಣಿಕೆ

ನೌಕರರ ಸಂಘದ ಹುಡುಗರು ಹೋದ ತಿಂಗಳು ಯಾದಗಿರಿಯ ನಮ್ಮ ಮನೆಗೆ ಬಂದಿದ್ದರು. "ಸಾಹೇಬ್ರ, ಈ ಸಲ ಹೊಸದಾಗಿ ಭರ್ತಿ ಆದ ಲೈನ್‌ಮನ್‌ಗಳು, ಇಂಜಿನಿಯರ್‌ಗಳು ಭಾಳ ಮಂದಿ ಅದಾರ್ರಿ. ಅವರು ಓದೂ ಹಂಗ ನಿಮ್ಮ ಸರ್ವೀಸಿನ ಅನುಭವ ಬರದು ಕೊಡ್ರಿ" ಎಂದರು. ನಾನು ಉಬ್ಬಿಹೋದೆ. ಎರಡು ದಿನ ಕೂತು ಹನ್ನೆರಡು ಪುಟ ಬರೆದೆ. ಯಾವ ಯಾವ ಹಳ್ಳಿಗೆ ಲೈನು ಎಳೆಸಿದೆ, ಯಾರು ಬಂದು ಗುಂಡಿ ಒತ್ತಿ ಉದ್ಘಾಟಿಸಿದರು, ನನ್ನ ಕೊರಳಿಗೆ ಎಷ್ಟು ಹಾರ ಬಿದ್ದವು ಎಲ್ಲ ಅದರಲ್ಲಿತ್ತು. ಮೂರನೇ ದಿನ ಓದಿ ನೋಡಿದರೆ ನನಗೇ ವಾಕರಿಕೆ ಬಂತು. ಅದನ್ನು ಹರಿದು ಹಾಕಿ ಈಗ ಇದನ್ನು ಬರೆಯುತ್ತಿದ್ದೇನೆ. ಸಂಘದವರು ಇದನ್ನು ಅಚ್ಚು ಹಾಕಿಸಿದರೆ ಹಾಕಿಸಲಿ, ಬಿಟ್ಟರೆ ಬಿಡಲಿ.

ನಮ್ಮ ಕೆಲಸದ ಬಗ್ಗೆ ಹೊಸಬರಿಗೆ ಯಾರೂ ಹೇಳದ ಮಾತು ಒಂದಿದೆ. ಕರೆಂಟು ಇದ್ದಾಗ ನಿಮ್ಮ ನೆನಪು ಯಾರಿಗೂ ಆಗುವುದಿಲ್ಲ. ಹೋದಾಗ ಮಾತ್ರ ನಿಮ್ಮ ಅಪ್ಪ, ಅಜ್ಜ, ಮುತ್ತಜ್ಜನವರೆಗೂ ಎಲ್ಲರ ನೆನಪೂ ಆಗುತ್ತದೆ. ಮೇ ತಿಂಗಳ ಯಾದಗಿರಿಯಲ್ಲಿ ಹತ್ತು ನಿಮಿಷ ಫ್ಯಾನು ನಿಂತರೆ ಮನುಷ್ಯ ಎಂಥ ಮಾತಾಡುತ್ತಾನೆ ಅನ್ನುವುದನ್ನು ನಾನು ಮೂವತ್ತೈದು ವರ್ಷ ಫೋನಿನಲ್ಲಿ ಕೇಳಿದ್ದೇನೆ. ಅದಕ್ಕೆಲ್ಲ ಕಿವಿ ಬೇಗ ಒಗ್ಗುತ್ತದೆ, ಹೆದರಬೇಡಿ. ಹೆದರಬೇಕಾದ್ದು ನಿಮ್ಮ ಕೈಯಲ್ಲಿರುವ ಪೆನ್ನಿಗೆ.

ನಾನು ಹುಟ್ಟಿದ್ದು ಯಾದಗಿರಿಯಲ್ಲಿ, ಬಟ್ಟೆ ಅಂಗಡಿಯವರ ಮನೆಯಲ್ಲಿ. ಅಳತೆ ಕೋಲು ಬಿಟ್ಟು ಬೇರೇನೂ ಹಿಡಿಯದ ಕೈ ನನ್ನದು. ಕಾಲೇಜಿನಲ್ಲಿ ನಂಬರು ಚೆನ್ನಾಗಿ ಬಂದವು, ನೌಕರಿ ಸಿಕ್ಕಿತು, ಶಹಾಪುರ ಸೆಕ್ಷನ್ನಿಗೆ ಇಂಜಿನಿಯರ್ ಆಗಿ ಹೋದೆ. ಯಾದಗಿರಿ ಆಗ ಜಿಲ್ಲೆ ಆಗಿರಲಿಲ್ಲ. ದೊಡ್ಡ ಸಾಹೇಬರು, ದೊಡ್ಡ ದವಾಖಾನೆ, ದೊಡ್ಡ ಬೈಗುಳ ಎಲ್ಲವೂ ಗುಲಬರ್ಗಾದಲ್ಲೇ ಇದ್ದವು.

ಸೆಕ್ಷನ್ನಿನಲ್ಲಿ ಸಾಯಬಣ್ಣ ಅಂತ ಹಿರಿಯ ಲೈನ್‌ಮನ್ ಇದ್ದರು. ಸುರಪುರ ದಾರಿಯ ಒಂದು ಹಳ್ಳಿಯವರು. ನನಗಿಂತ ಹನ್ನೆರಡು ವರ್ಷ ದೊಡ್ಡವರು, ತೆಳ್ಳಗೆ, ಎತ್ತರಕ್ಕೆ ಇದ್ದರು. ನಾಲ್ಕನೇ ಇಯತ್ತೆ ಓದಿದ್ದರು. ನಾನು ಅವರನ್ನು ಮೊದಲ ದಿನದಿಂದಲೂ 'ನೀ' ಎಂದೇ ಕರೆದೆ. ಅವರು ನನ್ನನ್ನು 'ಸಾಹೇಬ್ರ' ಎಂದರು. ಇಬ್ಬರಿಗೂ ಅದು ಸಹಜ ಅನ್ನಿಸಿತ್ತು, ಅದೇ ನಾಚಿಕೆಯ ವಿಷಯ.

ಸೇರಿದ ಮೊದಲ ಮಳೆಗಾಲದಲ್ಲೇ ನಾನೊಂದು ದೊಡ್ಡ ತಪ್ಪು ಮಾಡಿದೆ. ಕಂಬ ಹತ್ತುವ ಮೊದಲು ಆ ಲೈನು ಬಂದ್ ಆಗಿದೆ ಅಂತ ಇಂಜಿನಿಯರ್ ಬರೆದು ಕೊಡಬೇಕು. ಅದಕ್ಕೆ ಲೈನ್ ಕ್ಲಿಯರ್ ಅನ್ನುತ್ತೇವೆ. ನಾನು ಒಂದು ಫೀಡರ್ ಲೈನು ಬಂದ್ ಮಾಡಿಸಿ ಇನ್ನೊಂದರ ಹೆಸರಿಗೆ ಚೀಟಿ ಬರೆದೆ. ಸಾಯಬಣ್ಣ ಚೀಟಿ ಜೇಬಿನಲ್ಲಿಟ್ಟುಕೊಂಡು, ಹತ್ತುವ ಮೊದಲು, ಕರೆಂಟನ್ನು ನೆಲಕ್ಕಿಳಿಸುವ ಅರ್ಥಿಂಗ್ ರಾಡನ್ನು ತಂತಿಗೆ ತಾಗಿಸಿದರು. ಫಟ್ ಅಂತ ನೀಲಿ ಬೆಂಕಿ ಹಾರಿತು. ನಾನು ಕೆಳಗೆ ಕೂತೇಬಿಟ್ಟೆ.

"ಸಾಹೇಬ್ರ, ಏಳ್ರಿ, ಮಂದಿ ನೋಡಾಕತ್ತಾರ" ಎಂದರು ಸಾಯಬಣ್ಣ. "ನಾ ಕಾಗದ ಓದಿ ಕಂಬ ಹತ್ತಂಗಿಲ್ರಿ. ರಾಡ್ ಹಾಕಿ ಹತ್ತತೀನಿ. ಕಾಗದ ಯಾರರ ಬರೀತಾರ."

ಅವತ್ತು ಅವರು ಆ ಸಂಗತಿಯನ್ನು ಯಾರಿಗೂ ಹೇಳಲಿಲ್ಲ. ಜೊತೆಗಿದ್ದ ಇಬ್ಬರಿಗೂ ಬಾಯಿ ಬಿಡಬೇಡಿರೆಂದರು. ಹೇಳಿದ್ದರೆ ಪ್ರೊಬೇಷನ್ನಿನಲ್ಲೇ ನಾನು ಮನೆಗೆ ಹೋಗುತ್ತಿದ್ದೆ. ಈ ಮಾತನ್ನು ಇಲ್ಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ನಾನು ಏನು ಮಾಡಿದೆ ಅನ್ನುವುದನ್ನು ಓದುವಾಗ ಅದು ನಿಮಗೆ ಗೊತ್ತಿರಬೇಕು.

ಈಗ ತಂತಿಯ ವಿಷಯ. ಎರಡು ಕಂಬಗಳ ನಡುವೆ ಎಳೆದ ತಂತಿ ಸ್ವಲ್ಪ ಕೆಳಗೆ ಬಾಗಿರುತ್ತದೆ. ಆ ಬಾಗಿಗೆ ನಾವು ಜೋಲು ಅನ್ನುತ್ತೇವೆ, ಪುಸ್ತಕದಲ್ಲಿ ಸ್ಯಾಗ್. ಜೋಲು ಕಡಿಮೆಯಾದರೆ ಚಳಿಗೆ ತಂತಿ ಬಿಗಿದು ಕಂಬ ಎಳೆಯುತ್ತದೆ, ತಾನೇ ಹರಿಯಲೂಬಹುದು. ಜಾಸ್ತಿಯಾದರೆ ತಂತಿ ಜನರ ತಲೆಯ ಹತ್ತಿರ ಬರುತ್ತದೆ. ಮೇಲಿರುವ ತಂತಿಯ ಜೋಲನ್ನು ಕೆಳಗೆ ನಿಂತು ಹೇಗೆ ಅಳೆಯುವುದು? ಸಾಯಬಣ್ಣ ಒಂದು ಒಣಗಿದ ಹಗ್ಗವನ್ನು ಕಂಬದ ಹತ್ತಿರ ತಂತಿಯ ಮೇಲೆ ಎಸೆದು, ಎರಡೂ ತುದಿ ಹಿಡಿದು ಒಮ್ಮೆ ಜಗ್ಗುತ್ತಿದ್ದರು. ಆ ಜಗ್ಗು ತಂತಿಯಲ್ಲಿ ಅಲೆಯಾಗಿ ಓಡುತ್ತದೆ. ಆಚೆ ಕಂಬಕ್ಕೆ ಬಡಿದು ತಿರುಗಿ ಬಂದು ಹಗ್ಗದಲ್ಲಿ ಟಕ್ ಅಂತ ಕೈಗೆ ತಾಗುತ್ತದೆ. ಮತ್ತೆ ಹೋಗುತ್ತದೆ, ಮತ್ತೆ ಬರುತ್ತದೆ. ಸಾಯಬಣ್ಣ ಕಣ್ಣು ಮುಚ್ಚಿ ಹಗ್ಗ ಹಿಡಿದು ತುಟಿಯಲ್ಲೇ "ಓಂ ನಮಃ ಶಿವಾಯ" ಅನ್ನುತ್ತ ನಿಲ್ಲುತ್ತಿದ್ದರು.

ನಾನು ಮೊದಲ ಸಲ ನೋಡಿದಾಗ ನಕ್ಕೆ. "ಏನೋ ಸಾಯಬಣ್ಣ, ತಂತಿಗೆ ಪೂಜಿ ಮಾಡಾಕತ್ತೀ ಏನು?"

"ಪೂಜಿ ಅಲ್ರಿ, ಲೆಕ್ಕ. ಐದು ಶಿವಾಯ ಮುಗಿಯೂದಕ್ಕೂ ಮೂರನೇ ಏಟು ತಿರುಗಿ ಬರೂದಕ್ಕೂ ಬರಾಬರ್ ಆದ್ರ ತಂತಿ ಸರಿ ಅದ ಅಂತ. ಲಗೂನ ಬಂತಂದ್ರ ಬಿಗಿ ಭಾಳ ಆಗ್ಯದ. ತಡ ಆತಂದ್ರ ಜೋಲು ಬಿದ್ದದ. ನಮ್ಮ ಮೇಸ್ತ್ರಿ ಕಲಸಿದ್ದು."

"ಸಣ್ಣ ತಂತಿಗೂ ಐದ, ದಪ್ಪ ತಂತಿಗೂ ಐದ?"

"ಎಲ್ಲಾಕ್ಕೂ ಐದ್ರಿ."

ನಾನು ಮತ್ತೆ ನಕ್ಕೆ. ದಪ್ಪ ತಂತಿಗೂ ಸಣ್ಣದಕ್ಕೂ ಒಂದೇ ಲೆಕ್ಕ ಅಂದರೆ ಅನಕ್ಷರಸ್ಥರ ಮಾತು ಅಂದುಕೊಂಡೆ. ನಕ್ಕವನು ನಾನು, ಅದೇ ಪಾಠಕ್ಕೆ ಪರೀಕ್ಷೆಯಲ್ಲಿ ಪೂರ್ತಿ ಅಂಕ ತೆಗೆದವನು. ದಾರ ಬಿಗಿದಷ್ಟೂ ಅಲೆ ಜೋರಾಗಿ ಓಡುತ್ತದೆ, ನಾಲ್ಕು ಪಟ್ಟು ಬಿಗಿದರೆ ಓಟ ಎರಡು ಪಟ್ಟು. ದಾರ ತೂಕವಾದಷ್ಟೂ ಅಲೆ ನಿಧಾನ, ತೂಕ ನಾಲ್ಕು ಪಟ್ಟಾದರೆ ಓಟ ಅರ್ಧ. ಇದನ್ನು ಬಾಯಿಪಾಠ ಮಾಡಿದ್ದೆ. ಆದರೆ ಬಿಗಿತಕ್ಕೂ ತೂಕಕ್ಕೂ ಇರುವ ಇದೇ ಲೆಕ್ಕ ಜೋಲನ್ನೂ ನಿರ್ಧರಿಸುತ್ತದೆ ಅನ್ನುವುದು ಹೊಳೆದಿರಲಿಲ್ಲ. ತಂತಿ ದಪ್ಪವಾದರೆ ಅಷ್ಟೇ ಹೆಚ್ಚು ಬಿಗಿಯಬೇಕು. ಬಿಗಿದಾಗ ಅಲೆಯ ಓಟ ಮತ್ತೆ ಮೊದಲಿನಷ್ಟೇ ಆಗುತ್ತದೆ. ಕಂಬಗಳ ಅಂತರ ಹೆಚ್ಚು ಕಡಿಮೆ ಇದ್ದರೂ ಚಿಂತೆಯಿಲ್ಲ. ಹಗ್ಗಕ್ಕೆ ಏಟು ತಿರುಗಿ ಬರುವ ಸಮಯ ಒಂದೇ ಇದ್ದರೆ ಜೋಲೂ ಒಂದೇ. ಸಾಯಬಣ್ಣನವರ ಐದು ಶಿವಾಯದಲ್ಲಿ ಇದೆಲ್ಲ ಇತ್ತು. ನನಗೆ ಅದು ಮಂತ್ರವಾಗಿ ಕೇಳಿತು.

ನಾನು ಹೈದರಾಬಾದಿನಿಂದ ಒಂದು ಸ್ಟಾಪ್‌ವಾಚ್ ತರಿಸಿಕೊಂಡೆ. ಅದನ್ನು ಕೊರಳಿಗೆ ಹಾಕಿಕೊಂಡೇ ಸೈಟಿಗೆ ಹೋಗುತ್ತಿದ್ದೆ. ಜೊತೆಗೆ ಅಚ್ಚಾದ ಒಂದು ಚಾರ್ಟ್ ಇತ್ತು. ಇಷ್ಟು ಜೋಲಿಗೆ ಮೂರನೇ ಮರಳಿಕೆಗೆ, ಅಂದರೆ ಏಟು ಮೂರನೇ ಸಲ ತಿರುಗಿ ಬರಲು, ಇಷ್ಟು ಸೆಕೆಂಡು ಅಂತ ಅದರಲ್ಲಿ ಬರೆದಿತ್ತು.

ಆ ವರ್ಷ ಸುರಪುರ ದಾರಿಯ ಹಳೆಯ ಸಣ್ಣ ತಂತಿ ತೆಗೆದು ದಪ್ಪನೆಯದನ್ನು ಹಾಕಬೇಕೆಂದು ಆದೇಶ ಬಂತು. ನಮ್ಮ ತಂತಿಗಳಿಗೆಲ್ಲ ಪ್ರಾಣಿಗಳ ಹೆಸರು, ನಿಮಗೆ ಗೊತ್ತಲ್ಲ. ವೀಸಲ್ ತೆಗೆದು ರ‍್ಯಾಬಿಟ್ ಹಾಕಿದೆವು. ಸಾಯಬಣ್ಣನ ಗ್ಯಾಂಗು ಒಂದು ವಾರ ಎಳೆದು, ಅವರದೇ ಲೆಕ್ಕದಲ್ಲಿ ಬಿಗಿದು ನಿಲ್ಲಿಸಿತ್ತು. ನಾನು ವಾಚು ಹಿಡಿದು ಪಾಸು ಮಾಡಲು ಹೋದೆ. ಒಂದು ಕೈಯಲ್ಲಿ ಹಗ್ಗ, ಒಂದು ಕೈಯಲ್ಲಿ ವಾಚು. ಹಗ್ಗ ಜಗ್ಗಿ, ಗುಂಡಿ ಒತ್ತಿ "ಒಂದು" ಎಂದೆ. ಏಟು ಬಂತು, "ಎರಡು" ಎಂದೆ. ಮತ್ತೆ ಬಂತು, "ಮೂರು" ಎಂದು ವಾಚು ನಿಲ್ಲಿಸಿದೆ. ಮೂರು ಸೆಕೆಂಡಿನ ಮೇಲೆ ಸ್ವಲ್ಪ. ಚಾರ್ಟಿನಲ್ಲಿ ಇದ್ದದ್ದು ನಾಲ್ಕು ಮುಕ್ಕಾಲು.

ಓದುತ್ತಿರುವ ನಿಮಗೆ ತಪ್ಪು ಆಗಲೇ ಕಂಡಿರಬೇಕು. ಜಗ್ಗಿದಾಗ ಏನೂ ತಿರುಗಿ ಬಂದಿರಲಿಲ್ಲ, ಆದರೂ ನಾನು ಒಂದು ಎಂದೆ. ನಾನು ಮೂರನೆಯದು ಎಂದುಕೊಂಡದ್ದು ಎರಡನೆಯದು.

"ಸಾಯಬಣ್ಣ, ತಂತಿ ಭಾಳ ಬಿಗಿ ಆಗ್ಯದ. ಸಡ್ಲ ಮಾಡಸು" ಎಂದೆ.

"ಇಲ್ರಿ ಸಾಹೇಬ್ರ, ಬರಾಬರ್ ಅದ. ನೀವು ಕಳಿಸಿದ ಏಟೂ ಎಣಿಸಾಕತ್ತೀರಿ. ಕಳಿಸಿದ್ದು ಲೆಕ್ಕಕ್ಕ ಹಿಡೀಬಾರದ್ರಿ."

ಹೌದು, ಅವರು ಅವತ್ತೇ ಹೇಳಿದ್ದರು. ಆರು ಮಂದಿ ಕೂಲಿಯವರು ಸುತ್ತ ನಿಂತಿದ್ದರು. ಅವರೆದುರಿಗೆ ನಾಲ್ಕನೇ ಇಯತ್ತೆಯವನು ನನಗೆ ಎಣಿಸುವುದನ್ನು ಹೇಳಿಕೊಡುತ್ತಿದ್ದಾನೆ ಅನ್ನುವುದಷ್ಟೇ ನನ್ನ ತಲೆಗೆ ಹೋಯಿತು. ಮೈಯೆಲ್ಲ ಉರಿದುಹೋಯಿತು.

"ನಿನ್ನ ನಮಃ ಶಿವಾಯ ಗುಡ್ಯಾಗ ಇಟ್ಕೋ. ಇದು ಗಡಿಯಾರ, ಸುಳ್ಳು ಹೇಳಂಗಿಲ್ಲ" ಎಂದೆ. ಕೂಲಿಯವರು ಕಿಸಕ್ಕನೆ ನಕ್ಕರು. ಸಾಯಬಣ್ಣ ಹಗ್ಗ ಸುತ್ತಿ ಹೆಗಲಿಗೆ ಹಾಕಿಕೊಂಡು ಕಂಬ ಹತ್ತಿದರು.

ಸಡಿಲ ಮಾಡುತ್ತ ಮಾಡುತ್ತ ನನ್ನ ಲೆಕ್ಕದ ಮೂರನೆಯದಕ್ಕೆ ನಾಲ್ಕು ಮುಕ್ಕಾಲು ಸೆಕೆಂಡು ಬರುವಂತೆ ಮಾಡಿಸಿದೆ. ರಿಜಿಸ್ಟರಿನಲ್ಲಿ ಬರೆದು ಸಹಿ ಹಾಕಿದೆ. ಸಾಯಬಣ್ಣನ ಸಹಿಯನ್ನೂ ಹಾಕಿಸಿದೆ. ಎರಡೂವರೆ ಅಡಿ ಇರಬೇಕಾದ ಜೋಲು ಐದೂವರೆ ಅಡಿ ದಾಟಿತ್ತು. ಕಣ್ಣಿಗೇ ಕಾಣುತ್ತಿತ್ತು. ಕಂಡಾಗಲೆಲ್ಲ, ದಪ್ಪ ತಂತಿ ಅಲ್ಲವೇ, ತೂಕಕ್ಕೆ ಬಾಗಿದೆ ಅಂತ ನನಗೆ ನಾನೇ ಹೇಳಿಕೊಂಡೆ. ಮುಂದಿನ ಎಂಟು ಕಂಬಗಳಿಗೂ ಹಾಗೇ ಮಾಡಿಸಿದೆ.

ಮಧ್ಯೆ ದೊಡ್ಡ ಸಾಹೇಬರು ಒಮ್ಮೆ ಜೀಪಿನಲ್ಲಿ ಬಂದು ಹೋದರು. ಅವರದು ಒಂದು ವಿಚಿತ್ರ ಸ್ವಭಾವ. ಜೀಪಿನಿಂದ ಇಳಿಯುತ್ತಲೇ ಇರಲಿಲ್ಲ, ರಿಜಿಸ್ಟರ್ ಕಿಟಕಿಯಲ್ಲಿ ಹಿಡಿದು ತೋರಿಸಬೇಕು. ಅಕ್ಷರ ದುಂಡಗಿದ್ದರೆ ಕೆಲಸ ಚೊಕ್ಕ ಅಂತ ಅವರ ನಂಬಿಕೆ. ನನ್ನ ಅಕ್ಷರ ಬಲು ದುಂಡಗೆ. "ಶಾಬಾಸ್" ಎಂದು ಹೋದರು.

ಹತ್ತಿ ಬಿಡಿಸುವ ಕಾಲ ಬಂತು. ಸಾಯಬಣ್ಣನ ಊರಿನ ದೇವಪ್ಪ ಅನ್ನುವ ಇಪ್ಪತ್ತೈದರ ಗೌಂಡಿ, ಗಾರೆ ಕೆಲಸದವನು, ಹತ್ತಿಯ ಸುಗ್ಗಿಯಲ್ಲಿ ಟ್ರ್ಯಾಕ್ಟರಿಗೆ ಹೇರಲು ಹೋಗುತ್ತಿದ್ದ. ಒಂದು ಸಂಜೆ ಹತ್ತಿ ತುಂಬಿದ ಟ್ರಾಲಿಯ ಮೇಲೆ ಕೂತು ಊರಿಗೆ ಬರುತ್ತಿದ್ದ. ರಸ್ತೆಗೆ ಆಗಷ್ಟೇ ಗರಸು ಮಣ್ಣು ಹಾಕಿ ಎತ್ತರ ಮಾಡಿದ್ದರು. ಮೇಲೆ ಕಟ್ಟಿದ ಹಗ್ಗ ಸಡಿಲವಾಯಿತೆಂದು ದೇವಪ್ಪ ಎದ್ದು ನಿಂತು ಕೈ ಎತ್ತಿದ. ನಾನು ಸಡಿಲ ಮಾಡಿಸಿದ ತಂತಿ ಅವನ ಬಲಗೈಗೆ ಸಿಕ್ಕಿತು.

ಹತ್ತಿಗೆ ಬೆಂಕಿ ಹತ್ತಿತು. ಜನ ಅವನನ್ನು ಕೆಳಗೆಳೆದು ಬದುಕಿಸಿದರು. ಬಲಗೈ ಮೊಣಕೈಯಿಂದ ಕೆಳಗೆ ಹೋಯಿತು. ಗೌಂಡಿಯವನ ಬಲಗೈ. ನಾನು ಗುಲಬರ್ಗಾದ ದವಾಖಾನೆಗೆ ಮೋಸಂಬಿ ತೆಗೆದುಕೊಂಡು ಹೋಗಿ ನೋಡಿ ಬಂದೆ. ಅವನ ತಾಯಿ ನನ್ನ ಕಾಲಿಗೆ ಬೀಳಲು ಬಂದಳು. ಸಾಹೇಬನಾಗಿದ್ದೂ ಬಂದು ನೋಡುವಷ್ಟು ನಾನು ಒಳ್ಳೆಯವನು ಅಂತ ಆಕೆಗೆ ಅನ್ನಿಸಿತ್ತು.

ಮರುದಿನ ಮಧ್ಯಾಹ್ನ ಲೈನು ಬಂದ್ ಇತ್ತು. ಒಬ್ಬನೇ ಆ ರಸ್ತೆಗೆ ಹೋಗಿ ಪಕ್ಕದ ಕಂಬದ ತಂತಿಗೆ ಹಗ್ಗ ಎಸೆದೆ. ವಾಚು ತಂದಿರಲಿಲ್ಲ. ಜಗ್ಗಿದೆ, ಬಾಯಿ ತಾನಾಗಿ "ಒಂದು" ಎಂದಿತು. ಕೈಗೆ ಏನೂ ತಾಗಿರಲಿಲ್ಲ. ತಂತಿ ಅಷ್ಟು ಸಡಿಲ, ಅಲೆ ಹೋಗಿ ಬರಲು ಎರಡು ಸೆಕೆಂಡಿನ ಮೇಲಾಯಿತು. ಆ ಖಾಲಿ ಎರಡು ಸೆಕೆಂಡಿನಲ್ಲಿ ನನಗೆ ಎಲ್ಲ ತಿಳಿಯಿತು. ಹಗ್ಗ ಅಲ್ಲೇ ಬಿಟ್ಟು ಹತ್ತಿ ಹೊಲದ ಬದುವಿನಲ್ಲಿ ಕೂತೆ. ಅಳು ಬಂತು. ದೇವಪ್ಪನಿಗಾಗಿ ಅತ್ತೆ ಅಂತ ಬರೆಯಲು ಆಸೆ ಇದೆ. ಆದರೆ ಅತ್ತದ್ದು ನನಗಾಗಿ. ನೌಕರಿ ಹೋಗುತ್ತದೆ, ಅಪ್ಪನ ಅಂಗಡಿಯ ಮುಂದೆ ಜನ ಏನು ಅನ್ನುತ್ತಾರೆ ಅಂತ ಅತ್ತೆ.

ನಾಲ್ಕು ದಿನದಲ್ಲಿ ವಿಚಾರಣೆಗೆ ದೊಡ್ಡ ಸಾಹೇಬರು ಬರುವವರಿದ್ದರು. ಇಲ್ಲಿಂದ ಮುಂದೆ ನಡೆದದ್ದನ್ನು ನಾನು ಹೆಂಡತಿಗೂ ಹೇಳಿಲ್ಲ.

ಸಾಯಬಣ್ಣನವರನ್ನು ಕರೆದು, "ಉಳಿದ ಕಂಬಗೋಳ ತಂತಿ ಎಲ್ಲಾ ಬಿಗದುಬಿಡು. ಮತ್ತ ಯಾರಿಗರ ಏನರ ಆದೀತು" ಎಂದೆ. ಕಾಳಜಿಯ ದನಿಯಲ್ಲೇ ಹೇಳಿದೆ. ಅವರು ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿದರು.

"ಎಷ್ಟಕ್ಕ ಬಿಗೀಲಿ ಸಾಹೇಬ್ರ?"

"ನಿನ್ನ ಲೆಕ್ಕದಾಗ ಬಿಗಿ."

"ಆತ್ರಿ" ಎಂದರು. ಎರಡು ದಿನ ಬಿಸಿಲಲ್ಲಿ ನಿಂತು ಎಲ್ಲ ತಂತಿಗಳನ್ನೂ ಐದು ಶಿವಾಯಕ್ಕೆ ಸರಿ ಮಾಡಿದರು. ದೇವಪ್ಪನ ಕೈ ಹೋದ ಆ ಒಂದು ಜಾಗದ ತಂತಿ ಮಾತ್ರ ಸುಟ್ಟು ಹರಿದು ಬಿದ್ದಿತ್ತು, ಅದನ್ನು ವಿಚಾರಣೆಗೆಂದು ಹಾಗೇ ಬಿಟ್ಟಿದ್ದೆವು.

ವಿಚಾರಣೆಯ ದಿನ ಸಾಯಬಣ್ಣ ಮುಚ್ಚುಮರೆಯಿಲ್ಲದೆ ಹೇಳಿದರು. "ತಂತಿ ನಾ ಬರಾಬರ್ ಬಿಗಿದಿದ್ದೆರಿ. ಸಾಹೇಬ್ರು ಗಡಿಯಾರ ಹಿಡದು ಸಡ್ಲ ಮಾಡಸ್ಯಾರ. ಎಣಿಕಿ ತಪ್ಪ್ಯಾರ."

ದೊಡ್ಡ ಸಾಹೇಬರು ನನ್ನತ್ತ ತಿರುಗಿದರು. ನಾನು ರಿಜಿಸ್ಟರ್ ಕೊಟ್ಟೆ. ಮೂರನೇ ಮರಳಿಕೆ, ನಾಲ್ಕು ಮುಕ್ಕಾಲು ಸೆಕೆಂಡು, ಚಾರ್ಟಿಗೆ ಸರಿ. ಕೆಳಗೆ ಸಾಯಬಣ್ಣನದೇ ಸಹಿ. ಅಕ್ಷರ ದುಂಡಗಿತ್ತು. ಅವತ್ತು ಅವರು ಜೀಪಿನಿಂದಲೂ ಇಳಿದರು. ಬೇರೆ ಕಂಬಗಳ ತಂತಿಯನ್ನು ನಾನೇ ವಾಚು ಹಿಡಿದು ಅಳೆದು ತೋರಿಸಿದೆ. ಈ ಸಲ ಸರಿಯಾಗಿ ಎಣಿಸಿದೆ. ಎಲ್ಲ ಕಡೆ ನಾಲ್ಕು ಮುಕ್ಕಾಲು.

"ಉಳಿದೆಲ್ಲ ಸರಿ ಇವೆಯಲ್ಲ? ಇದೊಂದೇ ಯಾಕೆ ಸಡಿಲವಾಯಿತು?" ಎಂದರು ಅವರು.

"ಕ್ಲಾಂಪ್ ಜಾರಿರಬೇಕು ಸರ್. ಲೈನ್‌ಮನ್ ಗಸ್ತಿನಲ್ಲಿ ನೋಡಬೇಕಿತ್ತು" ಎಂದೆ.

ಎರಡು ದಿನದ ಹಿಂದೆ ತಾವೇ ಬಿಗಿದದ್ದು ಎಂದು ಸಾಯಬಣ್ಣ ಈಗ ಹೇಳಿಯಾರು ಅಂತ ಹೆದರಿದ್ದೆ. ಅವರು ಹೇಳಲಿಲ್ಲ. ನಾನಾಗ ಅವರು ದಡ್ಡರು, ಅವರಿಗೆ ಹೊಳೆದಿಲ್ಲ ಅಂದುಕೊಂಡೆ. ಅಂದುಕೊಂಡು ಸಮಾಧಾನಪಟ್ಟೆ.

ಅವರನ್ನು ಸಸ್ಪೆಂಡ್ ಮಾಡಿದರು. ಹತ್ತಿರ ಹತ್ತಿರ ಒಂದು ವರ್ಷ ಮನೆಯಲ್ಲಿ ಕೂತರು. ಆಮೇಲೆ ಯಾದಗಿರಿಯ ಸ್ಟೋರಿಗೆ ಹಾಕಿದರು. ಇನ್ಸುಲೇಟರ್ ಎಣಿಸುವ ಕೆಲಸ. ನಿವೃತ್ತಿಯವರೆಗೂ ಅಲ್ಲೇ ಇದ್ದರು. ಮತ್ತೆಂದೂ ಕಂಬ ಹತ್ತಲಿಲ್ಲ. ನಾನು ಸ್ಟೋರಿಗೆ ಹೋದಾಗ ಎದ್ದು ನಿಂತು "ನಮಸ್ಕಾರ್ರಿ ಸಾಹೇಬ್ರ" ಅನ್ನುತ್ತಿದ್ದರು. ಆ ನಮಸ್ಕಾರ ತಪ್ಪಿಸಲು ನಾನು ಗುಮಾಸ್ತನನ್ನೇ ಸ್ಟೋರಿಗೆ ಕಳಿಸತೊಡಗಿದೆ.

ಆಮೇಲೆ ಕೆಲಸದ ರೀತಿ ಬದಲಾಯಿತು. ಎಳೆತವನ್ನು ಕಿಲೋದಲ್ಲಿ ತೋರಿಸುವ ಮಾಪಕ ಬಂತು, ಕಂಬಕ್ಕೆ ಹಲಗೆ ಕಟ್ಟಿ ದೂರದಿಂದ ನೋಡಿ ಜೋಲು ಹಿಡಿಯುವುದು ಬಂತು, ಊರೊಳಗೆ ಪ್ಲಾಸ್ಟಿಕ್ ಹೊದ್ದ ಕೇಬಲ್ ಬಂತು. ಹಗ್ಗ ಎಸೆಯುವವರು ಕಡಿಮೆಯಾದರು. ನಾನು ಮಾತ್ರ ತರಬೇತಿಗೆ ಬಂದ ಹೊಸಬರಿಗೆ ಆ ಪಾಠ ತಪ್ಪದೆ ಹೇಳುತ್ತಿದ್ದೆ. ಕೊನೆಗೆ ಒಂದು ಕಥೆ ಹೇಳುತ್ತಿದ್ದೆ. "ಒಬ್ಬ ಇಂಜಿನಿಯರ್ ಇದ್ದ, ಮಹಾ ಜಾಣ, ಕಳಿಸಿದ್ದನ್ನೂ ಸೇರಿಸಿ ಎಣಿಸಿಬಿಟ್ಟ" ಅಂತ. ಹುಡುಗರು ಬಿದ್ದು ಬಿದ್ದು ನಗುತ್ತಿದ್ದರು. ನಾನೂ ನಗುತ್ತಿದ್ದೆ. ಆ ಇಂಜಿನಿಯರ್ ಯಾರು ಅಂತ ಯಾರೂ ಕೇಳಲಿಲ್ಲ, ಕೇಳಿದ್ದರೆ ಸೈದಾಪುರ ಕಡೆಯವನು ಅಂತ ಹೇಳಲು ತಯಾರಿದ್ದೆ. ನಾನು ಮಾಡಿದ ಎಲ್ಲ ಕೆಲಸಗಳಲ್ಲಿ ಈ ನಗಿಸಿದ್ದೇ ಹೇಸಿಗೆಯದು ಅಂತ ಈಗ ಅನ್ನಿಸುತ್ತದೆ.

ಇಷ್ಟು ಬರೆದ ಮೇಲೆ ಪೆನ್ನು ಮುಂದೆ ಹೋಗಲಿಲ್ಲ. ಸಾಯಬಣ್ಣನವರಿಗೆ ಹೇಳದೆ ಊರಿಗೆಲ್ಲ ಹೇಳುವುದು ಯಾವ ನ್ಯಾಯ? ಮರುದಿನ ಬೆಳಿಗ್ಗೆ ಸುರಪುರದ ಬಸ್ಸು ಹತ್ತಿದೆ.

ಸಾಯಬಣ್ಣ ತಮ್ಮೂರಿನ ಮನೆಯ ಕಟ್ಟೆಯ ಮೇಲೆ ತೊಗರಿ ಹಸನು ಮಾಡುತ್ತ ಕೂತಿದ್ದರು. ಎಪ್ಪತ್ತು ದಾಟಿದೆ. ಕಣ್ಣು ಚುರುಕಾಗಿಯೇ ಇದೆ, ನೋಡಿದೊಡನೆ ಗುರುತಿಸಿದರು. ಏಳಲು ಹೋದರು. ಭುಜ ಹಿಡಿದು ಕೂರಿಸಿದೆ.

"ಸಾಯಬಣ್ಣೋರ, ನಿಮಗ ಒಂದು ಮಾತು ಹೇಳಬೇಕಂತ ಬಂದೀನಿ" ಎಂದೆ. ಅವರಿಗೆ 'ನೀವು' ಅಂದದ್ದು ಅದೇ ಮೊದಲು. ನಾಲಿಗೆ ತಡವರಿಸಿತು. ಎಣಿಕೆ ತಪ್ಪಿದ್ದು, ಅದು ವಿಚಾರಣೆಗೆ ಮೊದಲೇ ನನಗೆ ಗೊತ್ತಾದದ್ದು, ತಂತಿ ಬಿಗಿಸಿದ್ದು ಯಾಕೆ ಅನ್ನುವುದು, ಎಲ್ಲ ಹೇಳಿದೆ.

ಅವರು ಮೊರ ಪಕ್ಕಕ್ಕಿಟ್ಟರು. "ಗೊತ್ತದಲ್ರಿ."

"ಎಣಿಕಿದು ಗೊತ್ತಿತ್ತು, ಖರೆ. ತಂತಿ ಬಿಗಿಸಿದ್ದು ಎದಕ್ಕಂತ…"

"ಅದೂ ಗೊತ್ತಿತ್ತು ಸಾಹೇಬ್ರ. ನೀವು 'ನಿನ್ನ ಲೆಕ್ಕದಾಗ ಬಿಗಿ' ಅಂದ್ರಲ್ಲ, ಆವಾಗನ ತಿಳೀತು. ಇಂವ ನನ್ನ ಸಾಕ್ಷಿ ನನ್ನ ಕೈಲೇನ ಅಳಸಾಕತ್ತಾನ ಅಂತ. ವಿಚಾರಣ್ಯಾಗ ಅದನ್ನ ಹೇಳಿದ್ರ ಯಾರು ನಂಬತಿದ್ರು, ಕಾಗದದ ಮ್ಯಾಲ ನನ್ನ ಸಹಿ ಇತ್ತಲ್ಲ."

"ಮತ್ತ ಯಾಕ ಬಿಗಿದ್ರಿ?"

ಅವರು ನನ್ನನ್ನು ವಿಚಿತ್ರವಾಗಿ ನೋಡಿದರು, ಇಷ್ಟೂ ತಿಳಿಯದೇ ಅನ್ನುವ ಹಾಗೆ. "ಹತ್ತಿ ಗಾಡಿ ದಿನಾ ಓಡಾಡತಿದ್ದುವಲ್ರಿ ಆ ದಾರ್ಯಾಗ. ನನ್ನ ಸಾಕ್ಷಿ ಸಲುವಾಗಿ ತಂತಿ ಜೋಲು ಬಿಡಲ್ಯಾ? ಇನ್ನೊಬ್ಬನ ಕೈ ಹೋಗಲಿ ಅನ್ನಲ್ಯಾ?"

ಮೂವತ್ತೈದು ವರ್ಷ ಈ ಮನುಷ್ಯನನ್ನು ದಡ್ಡ ಅಂದುಕೊಂಡು ನಾನು ನಿದ್ದೆ ಮಾಡಿದ್ದೆ. ಕ್ಷಮಿಸಿ ಎಂದೆ. ಏನೇನೋ ಅಂದೆ. ಕಾಲು ಮುಟ್ಟಲು ಬಗ್ಗಿದೆ.

"ಬ್ಯಾಡ್ರಿ, ಬ್ಯಾಡ್ರಿ" ಎಂದು ಕೈ ಅಡ್ಡ ತಂದರು. ಆಮೇಲೆ ಅವರ ದನಿ ಮೊದಲ ಬಾರಿಗೆ ಒರಟಾಯಿತು. "ನನಗ ಹೇಳಿ ಏನ್ ಮಾಡ್ತೀರಿ? ನನಗ ಗೊತ್ತಿದ್ದದ್ದ ಅದು. ದೇವಪ್ಪಗ ಹೇಳ್ರಿ. ಹಿಂದಿನ ಓಣ್ಯಾಗ ಇರತಾನ. ಅವತ್ತಿನಿಂದ ನನ್ನ ಮಾರಿ ನೋಡಿಲ್ಲ ಅಂವ. ನನ್ನ ಮಗಳ ಲಗ್ನಕ್ಕ ಬರಲಿಲ್ಲ, ನಾ ಅವರವ್ವನ ಮಣ್ಣಿಗೆ ಹೋದ್ರ ಹೊರಗ ಹಾಕಿದ. ನನ್ನ ಕೈ ತಿಂದಾಂವ ಅಂತ ಊರಾಗ ಅಂದಾನ. ನೌಕರಿದು ಹೋಗ್ಲಿ ಬಿಡ್ರಿ. ಅದೊಂದು ಮಾತು ನನಗ ತಡಕೊಳ್ಳಾಕ ಆಗಿಲ್ಲ."

ಹಿಂದಿನ ಓಣಿಗೆ ಹೋದೆ. ದೇವಪ್ಪ ಮನೆಯ ಮುಂದೆ ಸಣ್ಣ ಕಿರಾಣಿ ಅಂಗಡಿ ಇಟ್ಟಿದ್ದಾನೆ. ಅಂಗಿಯ ಬಲ ತೋಳನ್ನು ಮಡಿಸಿ ಪಿನ್ನು ಹಾಕಿದ್ದ. ನಾನು ಯಾರು ಅಂತ ಹೇಳಿದೊಡನೆ ಅವನ ಮುಖ ಅರಳಿತು.

"ಅಯ್ಯ, ಸಾಹೇಬ್ರ! ಬರ್ರಿ, ಬರ್ರಿ, ಒಳಗ ಬರ್ರಿ." ಒಂದೇ ಕೈಯಲ್ಲಿ ಕುರ್ಚಿ ತಂದು, ಹೆಗಲ ಟವಲಿನಿಂದ ಒರೆಸಿ ಹಾಕಿದ. ಸೊಸೆಯನ್ನು ಕೂಗಿ ಚಹಾ ಇಡಲು ಹೇಳಿದ. "ನೀವು ದವಾಖಾನಿಗೆ ಮೋಸಂಬಿ ತಗೊಂಡು ಬಂದಿದ್ರಿ. ನಮ್ಮವ್ವ ಸಾಯೂತನಾನೂ ನೆನಸತಿದ್ಳು. ಆ ಸಾಯಬಣ್ಣ ಇಂಥಾ ಕೆಲಸ ಮಾಡಿದ್ರೂ ಸಾಹೇಬ್ರು ಬಂದು ನೋಡಿ ಹೋದ್ರು ಅಂತಿದ್ಳು."

ಆ ಕುರ್ಚಿಯಲ್ಲಿ ಕೂರಲು ನನಗೆ ಆಗಲಿಲ್ಲ. ನಿಂತುಕೊಂಡೇ ಹೇಳಿದೆ. ಅಲೆ, ಎಣಿಕೆ, ಚಾರ್ಟ್ ಯಾವುದೂ ಬೇಕಾಗಲಿಲ್ಲ. "ದೇವಪ್ಪ, ತಂತಿ ಸಡ್ಲ ಮಾಡಸಿದಾಂವ ನಾನು. ಸಾಯಬಣ್ಣೋರು ಬ್ಯಾಡ ಅಂದ್ರು. ನಾ ಕೇಳಲಿಲ್ಲ. ಆಮ್ಯಾಲ ಸುಳ್ಳು ಬರದು ಅವರ ಮ್ಯಾಲ ಹಾಕಿದೆ."

ಬೈಯಲಿ, ಹೊಡೆಯಲಿ ಅಂತ ನಾನು ಕಾಯುತ್ತಿದ್ದೆ, ಹೊಡೆದರೆ ಹಗುರಾಗುತ್ತೇನೆ ಅನ್ನಿಸಿತ್ತು. ಅವನು ನನ್ನ ಕಡೆ ನೋಡಲೇ ಇಲ್ಲ.

"ಸಾಯಬಣ್ಣ ಕಾಕಾಗ ಗೊತ್ತಿತ್ತೇನು, ನಿಮ್ಮದು ತಪ್ಪು ಅಂತ?" ಎಂದು ಕೇಳಿದ.

"ಮೊದಲಿಂದಲೂ ಗೊತ್ತಿತ್ತು."

"ನನಗೂ ಹೇಳಿದ್ದ ಅಂವ. ದವಾಖಾನ್ಯಾಗ ಬಂದು ಹೇಳಿದ್ದ. ನಾ ನಂಬಲಿಲ್ಲ. ಸಾಹೇಬ್ರ ಮ್ಯಾಲ ಹಾಕಾಕತ್ತೀ ಅಂತ ಮಾರಿಗೆ ಉಗುಳಿದೆ" ಎಂದ ದೇವಪ್ಪ. ಮೆಟ್ಟಿಲ ಹತ್ತಿರ ಇದ್ದ ಚಪ್ಪಲಿಗೆ ಕಾಲು ತೂರಿಸಿದ. ಒಂದು ಸರಿ ಹೋಗಲಿಲ್ಲ, ಅದನ್ನು ಅಲ್ಲೇ ಬಿಟ್ಟು, ಒಂದೇ ಚಪ್ಪಲಿಯಲ್ಲಿ ಓಣಿ ತಿರುಗಿ ಹೋಗಿಬಿಟ್ಟ. ಅಂಗಡಿ ತೆರೆದೇ ಇತ್ತು.

ಸೊಸೆ ಚಹಾ ತಂದಳು. "ಮಾವನೋರು ಎಲ್ಲಿ ಹೋದ್ರಿ?" ಎಂದಳು.

"ಸಾಯಬಣ್ಣೋರ ಮನಿಗೆ."

"ಅವರ ಮನಿಗ್ಯಾ? ಆ ಓಣ್ಯಾಗ ಕಾಲ ಇಡಂಗಿಲ್ರಿ ಅವರು. ಲಗ್ನ ಆಗಿ ಬಂದಾಗಿಂದ ನಾ ನೋಡಿಲ್ರಿ." ಗಾಬರಿಯಿಂದ ನನ್ನನ್ನು ನೋಡಿ, "ಜಗಳ ಏನರ ಆಗತದೇನ್ರಿ? ನೀವಾರ ಹೋಗಿ ಬಿಡಸ್ರಿ. ನೀವು ದೊಡ್ಡೋರು, ನಿಮ್ಮ ಮಾತು ಕೇಳತಾರ" ಎಂದಳು.

ಜಗಳ ಆಗುವುದಿಲ್ಲ ತಾಯಿ ಎಂದೆ. ಚಹಾ ಕಟ್ಟೆಯ ಮೇಲಿಟ್ಟೆ. ಬಸ್ ನಿಲ್ದಾಣಕ್ಕೆ ಹತ್ತಿರದ ದಾರಿ ಸಾಯಬಣ್ಣನವರ ಮನೆಯ ಮುಂದೆಯೇ ಹಾದುಹೋಗುತ್ತದೆ. ನಾನು ಹೊಲದ ಕಡೆಯಿಂದ ಸುತ್ತು ಹಾಕಿಕೊಂಡು ಹೋದೆ.